ಮೂಗಿಗೆ ಒಗ್ಗುವ ವಾಚು

ಕ್ರಾಪಣ್ಣನಿಗೆ ಆ ಹೆಸರಿಟ್ಟವರು ಯಾರೆಂದು ಈಗ ಯಾರಿಗೂ ನೆನಪಿಲ್ಲ. ಬೀದಿಯ ಅರ್ಧಕ್ಕರ್ಧ ತಲೆಗಳಿಗೆ ಕ್ರಾಪು ಹೊಡೆಯುವವನು, ಹಾಗಾಗಿ ಕ್ರಾಪಣ್ಣ. ಅವನ ಸ್ವಂತ ತಲೆ ಮಾತ್ರ ಕತ್ತರಿಗೆ ಕೆಲಸವೇ ಇಲ್ಲದ ಬಯಲು. ಆ ಬಯಲಿನ ಕೆಳಗೆ ಒಂದು ಧಾರಾಳವಾದ ಮೂಗು. ಈ ಮೂಗು ಮುಂದೆ ಬಹಳ ಉಪಕಾರ ಮಾಡಲಿದೆ, ಆದ್ದರಿಂದ ಅದನ್ನು ಈಗಲೇ ಒಮ್ಮೆ ಚೆನ್ನಾಗಿ ನೋಡಿಟ್ಟುಕೊಳ್ಳುವುದು ಒಳ್ಳೆಯದು.

ಎರಡು ಕುರ್ಚಿ, ಒಂದು ಬೆಂಚು, ಎದುರುಬದುರು ಕನ್ನಡಿ, ಸದಾ ಗೊಣಗುವ ಒಂದು ರೇಡಿಯೋ: ಇಷ್ಟು ಅವನ ಅಂಗಡಿ. ಎರಡನೆಯ ಕುರ್ಚಿಯಲ್ಲಿ ಮನುಷ್ಯರು ಕೂತದ್ದು ಕಡಿಮೆ, ಟವೆಲ್ಲುಗಳೇ ಹೆಚ್ಚು. ಗಿರಾಕಿಗಳ ಜೊತೆ ಲೋಕದ ವಿಚಾರವನ್ನೆಲ್ಲ ಅರೆದು ಕುಡಿದವನಂತೆ ಮಾತಾಡುವ ಕ್ರಾಪಣ್ಣ, ತನ್ನ ವಿಚಾರ ಬಂದರೆ ಬಾಯಿಗೆ ಬೀಗ ಹಾಕಿಕೊಂಡುಬಿಡುತ್ತಿದ್ದ. ವಯಸ್ಸು ನಲವತ್ತೈದು ದಾಟಿದರೂ ಮದುವೆಯಾಗದೆ ಉಳಿದದ್ದಕ್ಕೆ ಬೇರೆ ಕಾರಣವಿರಲಿಲ್ಲ. ಯಾರನ್ನೂ ಬೇಡವೆಂದವನಲ್ಲ, ಬೇಕು ಎಂದು ಬಾಯಿಬಿಟ್ಟು ಹೇಳಿದವನೂ ಅಲ್ಲ.

ಜೊತೆಗೆ ಅಪ್ಪನಿಂದ ಬಂದ ಒಂದು ಕಟ್ಟುನಿಟ್ಟು ಬೇರೆ ಇತ್ತು. ಕತ್ತಿ ಬಿಚ್ಚಿದ ಮೇಲೆ ಮುಖ ಮುಗಿಯುವ ತನಕ ಅದನ್ನು ಕೆಳಗಿಡಬಾರದು. ಅರ್ಧ ಗಡ್ಡದ ಮನುಷ್ಯನನ್ನು ಕಾಯಿಸುವುದು ಕ್ರಾಪಣ್ಣನ ಕಣ್ಣಿಗೆ ಮಹಾಪರಾಧ.

ಇಂಥವನಿಗೆ ಅವನ ಅಕ್ಕ ಒಂದು ಹೆಣ್ಣು ನೋಡಿದಳು. ಅಕ್ಕ ಅಂಗಡಿಯ ಮೇಲಿನ ಮನೆಯಲ್ಲೇ ತಮ್ಮನ ಜೊತೆಗಿದ್ದಳು; ಹೆಣ್ಣು, ಅಕ್ಕ ದಿನಾ ಕೆಲಸಕ್ಕೆ ಹೋಗುತ್ತಿದ್ದ ಬಸ್ಸಿನ ಕಂಡಕ್ಟರಮ್ಮ. ಒಂದು ಸಂಜೆ ಆಕೆ ಮನೆಗೆ ಬಂದು, ಚಹಾ ಕುಡಿದು, ಎಲ್ಲವನ್ನೂ ನೇರವಾಗಿ ಹೇಳಿದಳು.

"ನನಗೆ ಮೆಸೇಜು ಗಿಸೇಜು ಆಗಲ್ಲ. ಬೆಳಗಿನ ಟ್ರಿಪ್ಪು ಮುಗಿದ ಮೇಲೆ ಸ್ವಲ್ಪ ಬಿಡುವು ಸಿಗುತ್ತೆ, ಆಗ ಫೋನ್ ಮಾಡ್ತೀನಿ, ಮಾತಾಡೋಣ. ಡ್ಯೂಟಿ ಮುಗಿಸಿ ದಿನ್ನೆ ಹತ್ತಿ ನಡೆದೇ ಮನೆಗೆ ಹೋಗೋಳು ನಾನು. ಜೊತೆಗೆ ನಡೆಯೋರು ಬೇಕು, ಏದುಸಿರು ಬಿಡೋರಲ್ಲ. ನನ್ನ ಲೆಕ್ಕ ಬಸ್ಸಿನದ್ದೇ. ಒಂದು ಸೀಟಿ ಅಂದ್ರೆ ನಿಲ್ಲು, ಎರಡು ಅಂದ್ರೆ ಹೊರಡು. ಮಧ್ಯದ್ದು ನನಗೆ ಗೊತ್ತಿಲ್ಲ."

ಕ್ರಾಪಣ್ಣ ಸುಮ್ಮನೆ ನಕ್ಕ. ಆದರೆ ಆಕೆ ಮೆಟ್ಟಿಲಿಳಿದು ಹೋದ ಮೇಲೆ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವತ್ತು ಸಂಜೆ ಬಂದ ಗಿರಾಕಿಯೊಬ್ಬರ ಕಿವಿ ಪಕ್ಕದ ಎರಡು ಕೃದಾಗಳು ಎರಡು ಎತ್ತರಕ್ಕೆ ನಿಂತವು, ಪಾಪ.

ತೊಂದರೆ ಶುರುವಾದದ್ದು ಮರುದಿನ. ಆಕೆಗೆ ಬಿಡುವಾಗುವ ಹೊತ್ತೇ ಇವನ ಅಂಗಡಿ ತುಂಬಿ ತುಳುಕುವ ಹೊತ್ತು. ಫೋನು ಡ್ರಾಯರಿನೊಳಗೆ ಒದ್ದಾಡುತ್ತದೆ, ಇವನ ಒಂದು ಕೈಯಲ್ಲಿ ಕತ್ತಿ, ಇನ್ನೊಂದು ಕೈಯಲ್ಲಿ ಯಾರದೋ ಕೆನ್ನೆ. ಸಂಜೆ ತಾನೇ ಮಾಡೋಣವೆಂದರೆ ಆಕೆ ಟಿಕೆಟ್ ಹರಿಯುವ ಹೊತ್ತು. ರಾತ್ರಿ ಮಾಡೋಣವೆಂದರೆ ಧೈರ್ಯ ಸಾಲದು. ಕಿವಿಗೆ ಸಿಕ್ಕಿಸುವ ಯಂತ್ರವನ್ನೂ ಒಂದು ದಿನ ತಂದು ನೋಡಿದ. ಅದು ಜಾರಿ ಗಿರಾಕಿಯ ಕಾಲರಿನೊಳಗೆ ಬಿದ್ದು, ಅಲ್ಲಿಂದಲೇ ಹಾಡತೊಡಗಿತು.

ಅಕ್ಕ ಧುಮುಧುಮಿಸುತ್ತ ಕೆಳಗಿಳಿದು ಬಂದಳು.

"ಏನೋ ನಿನ್ನ ಕಥೆ? 'ನಿಮ್ಮ ತಮ್ಮಂಗೆ ಇಷ್ಟ ಇಲ್ದಿದ್ರೆ ಹೇಳ್ಬಿಡ್ಲಿ' ಅಂದ್ಲು ಅವಳು. ಶನಿವಾರ ಕೊನೇ ಸಲ ಮಾಡ್ತಾಳಂತೆ. ಎತ್ತಲಿಲ್ಲ ಅಂದ್ರೆ ಅವಳ ದಾರಿ ಅವಳಿಗೆ. ಎರಡು ನಿಮಿಷ ಆ ಕತ್ತಿ ಕೆಳಗಿಟ್ಟರೆ ನಿನ್ನ ಗಂಟೇನು ಹೋಗುತ್ತೆ?"

"ಅಪ್ಪ ಯಾವತ್ತೂ ಇಡ್ತಿರಲಿಲ್ಲ ಅಕ್ಕಾ."

"ಅಪ್ಪಂಗೆ ಮದುವೆ ಆಗಿತ್ತು ಕಣೋ!"

ಕ್ರಾಪಣ್ಣ ಅಂಗಡಿಗೆ ಬೀಗ ಹಾಕಿ ಕೈಗೆ ಕಟ್ಟಿಕೊಂಡೇ ಫೋನಿನಲ್ಲಿ ಮಾತಾಡಬಹುದಾದ ವಾಚು ಕೊಳ್ಳಲು ಹೊರಟ.

ವಾಚಿನಂಗಡಿಯ ಹುಡುಗಿ ಅರಳು ಹುರಿದಂತೆ ಮಾತಾಡುವವಳು. ನಿದ್ದೆ ಅಳೆಯುವುದು, ನಾಡಿ ಎಣಿಸುವುದು, ಉಸಿರು ಹಿಡಿಯುವುದನ್ನು ಕಲಿಸುವುದು, ಒಂದೊಂದನ್ನೇ ಗಾಜಿನ ಮೇಲೆ ಹರಡಿದಳು.

"ಇದರಲ್ಲಿ ನೂರು ಥರ ಆಟ ಇದೆ ಸರ್. ಈಜು, ಸೈಕಲ್ಲು, ಕುದುರೆ ಸವಾರಿ ಕೂಡ."

"ಕ್ಷೌರ ಇದೆಯಾ?"

ಹುಡುಗಿ ನಿಜಕ್ಕೂ ಹುಡುಕಿದಳು. ಇರಲಿಲ್ಲ.

ಕೆಲವು ವಾಚುಗಳು ಕರೆ ಬಂದಿದೆ ಎಂದು ತೋರಿಸುತ್ತವೆ ಅಷ್ಟೇ, ಮಾತಾಡಲಾಗುವುದಿಲ್ಲ. ಊಟ ತೋರಿಸಿ ತಟ್ಟೆ ಎತ್ತಿಕೊಂಡು ಹೋಗುವಂಥ ಆ ವಾಚುಗಳನ್ನು ಕ್ರಾಪಣ್ಣ ಅತ್ತ ಸರಿಸಿದ. ಮೈಕೂ ಸ್ಪೀಕರ್ರೂ ಎರಡೂ ಇರುವಂಥವು, ನೀರಿಗೂ ನೊರೆಗೂ ಹೆದರದಂಥವು, ಅವನ ಜೇಬಿಗೂ ಭಾರವಾಗದಂಥವು ಕೊನೆಗೆ ನಾಲ್ಕೈದು ಉಳಿದವು.

"ಈಗ ಈ ವಾಚಿಗೆ ಒಂದು ಫೋನ್ ಮಾಡಮ್ಮ" ಎಂದ.

ಹುಡುಗಿ ಮಾಡಿದಳು. ಕ್ರಾಪಣ್ಣ ಎರಡೂ ಕೈಗಳನ್ನು ಗಾಳಿಯಲ್ಲಿ ಕಾಣದ ಮುಖವೊಂದರ ಮೇಲೆ ಹಿಡಿದು, ಬಗ್ಗಿ, ಮೂಗಿನ ತುದಿಯಿಂದ ವಾಚನ್ನು ಒತ್ತಿದ. ಕರೆ ಕಟ್ಟಾಯಿತು. ದುಂಡು ವಾಚಿನಲ್ಲಿ ಹಸಿರು ಗುಂಡಿಯೂ ಕೆಂಪು ಗುಂಡಿಯೂ ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು, ಇವನ ಮೂಗೋ ಎರಡಕ್ಕೂ ಸಾಲುವಷ್ಟು ಅಗಲ. ಮುಂದಿನದನ್ನು ಕಟ್ಟಿಕೊಂಡ. ಅದೂ ಕಟ್ಟಾಯಿತು. ಅಂಗಡಿಗೆ ಬಂದವರೆಲ್ಲ ತಮ್ಮ ವ್ಯಾಪಾರ ಬಿಟ್ಟು ಸುತ್ತ ನೆರೆದರು. "ಸ್ವಲ್ಪ ಎಡಕ್ಕೆ!" ಎಂದು ಒಬ್ಬರು, "ಮೆತ್ತಗೆ, ಮೆತ್ತಗೆ!" ಎಂದು ಇನ್ನೊಬ್ಬರು. ಎಲ್ಲದರಲ್ಲೂ ಮೂಗು ತೂರಿಸುವ ಜನರನ್ನು ಹುಡುಗಿ ಬೇಕಾದಷ್ಟು ಕಂಡಿದ್ದಳು, ಆದರೆ ವಾಚಿನಲ್ಲಿ ತೂರಿಸಿದವನನ್ನು ಕಂಡದ್ದು ಅದೇ ಮೊದಲು. ನಗು ತಡೆಯಲಾರದೆ ಕೌಂಟರಿನ ಕೆಳಗೆ ಕೂತುಬಿಟ್ಟಳು.

ಕೊನೆಗೆ ಚೌಕದ್ದೊಂದು ಗೆದ್ದಿತು. ಹಳೆಯ ಮಾದರಿ, ಎಲ್ಲಕ್ಕಿಂತ ಅಗ್ಗದ್ದು, ಹಸಿರು ಗುಂಡಿ ಒಂದು ಮೂಲೆಯಲ್ಲಿ ತನ್ನಷ್ಟಕ್ಕೆ ತಾನಿತ್ತು. ಮೂಗು ತಾಕಿದ್ದೇ ತಡ, "ಹಲೋ" ಎಂದಿತು. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಉಳಿದಿದ್ದ ಪಟ್ಟಿ ಗುಲಾಬಿ ಬಣ್ಣದ್ದು ಮಾತ್ರ. ಕ್ರಾಪಣ್ಣನಿಗೆ ಅದೂ ಚೆಂದವಾಗಿಯೇ ಕಂಡಿತು.

ಮೊದಲ ದಿನ ಅದನ್ನು ಬಲಗೈಗೆ ಕಟ್ಟಿಕೊಂಡ. ಮಧ್ಯಾಹ್ನದೊಳಗೆ ವಾಚಿನಲ್ಲಿ ಪಟಾಕಿ ಸಿಡಿಯಿತು. ಇವತ್ತಿನ ನಡಿಗೆಯ ಗುರಿ ಮುಟ್ಟಿದ್ದೀರಿ, ಭೇಷ್ ಎಂದಿತು. ಕ್ರಾಪಣ್ಣ ಉಬ್ಬಿಹೋದ. ದಿನ್ನೆ ಯಾವ ಲೆಕ್ಕ ಎಂದುಕೊಂಡು ಮೆಟ್ಟಿಲು ಹತ್ತಿ ಓಡಿಹೋಗಿ, ಅವತ್ತು ರಜೆಯಲ್ಲಿದ್ದ ಅಕ್ಕನಿಗೆ ತೋರಿಸಿದ, ಏದುಸಿರು ಬಿಡುತ್ತ.

"ಬೆಳಗಿಂದ ಕುರ್ಚಿ ಬಿಟ್ಟು ಅಲ್ಲಾಡಿಲ್ಲ, ಯಾವೂರಿಗೆ ನಡೆದ್ಯೋ?" ಎಂದಳು ಅಕ್ಕ.

ನಡೆದದ್ದು ಕತ್ತರಿ. ಅದರ ಒಂದೊಂದು ಕಚಕಚಕ್ಕೂ ವಾಚು ಒಂದೊಂದು ಹೆಜ್ಜೆ ಬರೆದುಕೊಂಡಿತ್ತು. ಕ್ರಾಪಣ್ಣನಿಗೆ ನಾಚಿಕೆಯಾಗಿ, ಆ ಸುಳ್ಳು ಬೇಡವೆಂದು ವಾಚನ್ನು ಎಡಗೈಗೆ ಬದಲಿಸಿದ. ಸಂಜೆ ಹೊತ್ತು ದಿನ್ನೆಯ ಅರ್ಧದ ತನಕ ನಿಜವಾಗಿಯೂ ಹತ್ತಿಳಿಯತೊಡಗಿದ. ಎಡಗೈ ಗಡ್ಡದ ಹೊತ್ತಿನಲ್ಲಿ ಎಲ್ಲಿರುತ್ತದೆ ಎಂಬುದು ಮಾತ್ರ ಅವನ ತಲೆಗೆ ಹೊಳೆಯಲಿಲ್ಲ.

ಶನಿವಾರ ಬಂತು. ಬೆಂಚು ತುಂಬಿತ್ತು. ಕುರ್ಚಿಯಲ್ಲಿ ಘೋಷಣೆ ತಾತ. ರೈಲು ನಿಲ್ದಾಣದ ಧ್ವನಿವರ್ಧಕದಲ್ಲಿ ಆಯುಷ್ಯವೆಲ್ಲ ರೈಲುಗಳ ಹೆಸರು ಕೂಗಿ ನಿವೃತ್ತರಾದ ಹಿರಿಯರು ಅವರು. ಒಂದು ಕೆನ್ನೆ ಮುಗಿದಿತ್ತು. ಕ್ರಾಪಣ್ಣ ಎಡಗೈಯಲ್ಲಿ ಅವರ ಮೂಗಿನ ತುದಿ ಎತ್ತಿ ಹಿಡಿದು, ಮೇಲ್ದುಟಿಗೆ ಕತ್ತಿ ಇಟ್ಟಿದ್ದ. ವಾಚು ಗುಂಯ್ ಎಂದಿತು.

ಅಭ್ಯಾಸ ಮಾಡಿಟ್ಟುಕೊಂಡಂತೆ ಬಗ್ಗಿದ. ತನ್ನ ಮುಖದ ಮೇಲೆ ಇಳಿದು ಬರುತ್ತಿದ್ದ ಆ ಭಾರೀ ಮೂಗನ್ನು ಕಂಡು ತಾತನ ಕಣ್ಣು ಹೊರಬಂದವು. "ಏನಪ್ಪಾ ಇದು!" ಎನ್ನುವಷ್ಟರಲ್ಲಿ ಮೂಗು ಹಸಿರನ್ನು ಒತ್ತಿತ್ತು.

"ಹಲೋ, ಕೇಳಿಸ್ತಿದೆಯಾ?" ಕಂಡಕ್ಟರಮ್ಮನ ಧ್ವನಿ ಅಂಗಡಿ ತುಂಬ ಮೊಳಗಿತು. ಬೆಂಚಿನವರ ಕಿವಿ ನೆಟ್ಟಗಾದವು. ಯಾರೋ ರೇಡಿಯೋ ಆರಿಸಿದರು.

"ಹೂಂ" ಎಂದ ಕ್ರಾಪಣ್ಣ. ಆ ಹೂಂ ಅವನ ಹಲ್ಲು ದಾಟಿ ಆಚೆ ಬರಲಿಲ್ಲ, ಬಂದಿದ್ದರೂ ಮೈಕು ಇದ್ದದ್ದು ತಾತನ ಬಾಯಿಯ ಹತ್ತಿರ.

"ಏನೂ ಕೇಳಿಸ್ತಿಲ್ಲ. ಇರ್ಲಿ, ನಾನೇ ಕೇಳ್ತೀನಿ. ನಿಮಗೆ ನಾನು ಇಷ್ಟಾನಾ ಇಲ್ವಾ? ಒಂದೇ ಮಾತಲ್ಲಿ ಹೇಳಿ."

ಕ್ರಾಪಣ್ಣನ ತುಟಿ ಅಲುಗಿತು, ಮಾತು ಹೊರಡಲಿಲ್ಲ. ಮೈಕಿನ ಮುಂದೆ ಸುಮ್ಮನೆ ಕೂತು ಅಭ್ಯಾಸವಿಲ್ಲದ ಘೋಷಣೆ ತಾತನಿಗೆ ಇನ್ನು ತಡೆಯಲಾಗಲಿಲ್ಲ. ಮೂಗು ಹಿಡಿಸಿಕೊಂಡೇ, ನೊರೆಯ ನಡುವಿನಿಂದ, ಇಡೀ ಪ್ಲಾಟ್‌ಫಾರಮ್ಮಿಗೆ ಕೇಳುವಂತೆ ಹೇಳಿದರು:

"ದಯವಿಟ್ಟು ಗಮನಿಸಿ. ಇವರಿಗೆ ನೀವು ತುಂಬಾ ಇಷ್ಟ."

"ಯಾರ್ರೀ ನೀವು?"

"ಅರ್ಧ ಗಡ್ಡದ ಗಿರಾಕಿ ಕಣಮ್ಮಾ. ಅವರ ಕೈಯಲ್ಲಿ ಕತ್ತಿ ಇದೆ, ನನ್ನ ಮೂಗಿದೆ. ಮುಖ ಮಾತ್ರ ಕೆಂಪಗೆ ಟೊಮ್ಯಾಟೊ ಆಗಿದೆ."

ಆ ಕಡೆ ನಗು ಉಕ್ಕಿತು. ಅದು ಆಕೆಯೊಬ್ಬಳದೇ ಅಲ್ಲ, ಹಿಂದೆ ಇನ್ನೂ ಯಾರ್ಯಾರೋ ನಗುತ್ತಿದ್ದರು. ನಗು ನಿಂತ ಮೇಲೆ ಆಕೆಯ ಧ್ವನಿ ಮೆತ್ತಗಾಯಿತು. "ಗಿರಾಕಿ ಹೇಳಿದ್ದು ನನಗೆ ಬೇಡ. ಅವರೇ ಹೇಳ್ಬೇಕು. ಹೇಳ್ತಾರಾ, ನಾನು ಇಡ್ಲಾ?"

ಕ್ರಾಪಣ್ಣ ಕತ್ತಿಯನ್ನು ನೋಡಿದ. ತಾತನ ಉಳಿದ ಅರ್ಧ ಗಡ್ಡವನ್ನು ನೋಡಿದ. ಆಮೇಲೆ ಕತ್ತಿ ಮಡಚಿ ಕೆಳಗಿಟ್ಟ. ಕನ್ನಡಿಯಲ್ಲಿ ಬೆಂಚಿನ ಅಷ್ಟೂ ಮುಖಗಳು ತನ್ನನ್ನೇ ನೋಡುತ್ತಿದ್ದರೂ ಗುಲಾಬಿ ಪಟ್ಟಿಯ ಕೈಯನ್ನು ಬಾಯಿಯ ಹತ್ತಿರ ತಂದ.

"ಇಷ್ಟ ಕಣ್ರೀ. ಅವತ್ತು ಚಹಾ ಕುಡಿಯುವಾಗಿಂದ ಇಷ್ಟ. ದಿನಾ ದಿನ್ನೆ ಹತ್ತೋದು ಕಲೀತಿದ್ದೀನಿ, ಅರ್ಧದ ತನಕ ಬಂದಿದೆ. ಉಳಿದರ್ಧ ನಿಮ್ಮ ಜೊತೆ ಹತ್ತಬೇಕು ಅಂತ ಆಸೆ."

ಇಷ್ಟು ಉದ್ದ ಮಾತಾಡಿದ್ದಕ್ಕೆ ಅವನಿಗೇ ಅಚ್ಚರಿಯಾಯಿತು. ಆಮೇಲೆ ವಾಚಿನಿಂದ ಒಂದು ಸೀಟಿ ಕೇಳಿಸಿತು.

ಒಂದು. ಕ್ರಾಪಣ್ಣನ ಮುಖ ಕಳೆಗುಂದಿತು. ಆಕೆಯ ಲೆಕ್ಕ ಬೆಂಚಿನವರಿಗೆ ಗೊತ್ತಿರಲಿಲ್ಲ, ಅವನಿಗೆ ಗೊತ್ತಿತ್ತು. ಕೈ ಮೆಲ್ಲಗೆ ಕೆಳಗಿಳಿಯಿತು.

ಅಷ್ಟರಲ್ಲಿ, ನಗು ತುಂಬಿ ಅರ್ಧಕ್ಕೇ ಮುರಿದುಹೋಗುತ್ತ, ಇನ್ನೊಂದು ಸೀಟಿ ಬಂತು.

ಕ್ರಾಪಣ್ಣ ಕುಣಿದನೋ, ಹಾರಿದನೋ, ಟವೆಲ್ಲುಗಳೆಲ್ಲ ನೆಲದ ಮೇಲಿದ್ದವು. ಕತ್ತಿ ಕೈಗೆತ್ತಿಕೊಂಡರೆ ಅದು ಗಡಗಡ ನಡುಗುತ್ತಿತ್ತು. ಘೋಷಣೆ ತಾತ ಮೆಲ್ಲಗೆ ಕುರ್ಚಿಯಿಂದ ಎದ್ದರು.

"ಸಂತೋಷ ಕಣಪ್ಪಾ. ಆದ್ರೆ ಇವತ್ತು ಆ ಕೈಗೆ ನನ್ನ ಗಂಟಲು ಕೊಡಲ್ಲ."

ನೊರೆ ಒರೆಸಿಕೊಂಡು, ಅರ್ಧ ಗಡ್ಡದಲ್ಲೇ ಬೀದಿಗಿಳಿದರು. ಏನಿದು ಎಂದು ಕೇಳಿದವರಿಗೆಲ್ಲ ನಿಂತು, ಗಂಟಲು ಸರಿಮಾಡಿಕೊಂಡು, ಮೊದಲಿನಿಂದ ಹೇಳುತ್ತ ಹೋದರು.