ಹಲ್ಲಿನ ಡಾಕ್ಟರ ಬೆಂಚು

ನಮ್ಮ ಕುಶನಣ್ಣ ಊರಿನ ಅರ್ಧ ಜನರನ್ನು ಮೆತ್ತಗೆ ಕೂರಿಸಿದವನು. ಹಳೆಯ ಸೋಫಾದ ಹೊಟ್ಟೆ ಬಗೆದು, ಕೊಳೆತ ನಾರು ಕಿತ್ತು, ಹೊಸ ಸ್ಪಂಜು ತುಂಬಿ, ತುಟಿಯಲ್ಲಿ ಕಚ್ಚಿಕೊಂಡ ಮೊಳೆಗಳನ್ನು ಒಂದೊಂದಾಗಿ ತೆಗೆದು ಬಟ್ಟೆ ಬಿಗಿಯುತ್ತಿದ್ದ. ಬಾಯಲ್ಲಿ ಮೊಳೆ ಇದ್ದಷ್ಟು ಹೊತ್ತು ಮಾತಾಡಬೇಕಾಗಿಲ್ಲ. ಕೊನೆಯ ವರ್ಷ ಅವನ ಬಾಯಲ್ಲಿ ಸದಾ ಮೊಳೆ.

ಮೊದಲು ನಿದ್ದೆ ಹೋಯಿತು, ಅದರ ಬೆನ್ನಿಗೇ ಹಸಿವು. ಆಮೇಲೆ ಸೊಂಟ ಹಿಡಿಯಿತು, ಹೊಟ್ಟೆ ಉರಿಯಿತು, ಬೀಪಿ ಏರಿತು. ಮನೆಯವರು ಅವನನ್ನು ಅಂಗಕ್ಕೊಬ್ಬ ಡಾಕ್ಟರಂತೆ ಹಂಚಿಬಿಟ್ಟರು. ಕಿಡ್ನಿಯಲ್ಲಿ ಸಣ್ಣದೊಂದು ಕಲ್ಲು ಸಿಕ್ಕಿದಾಗಂತೂ ಲಾಟರಿ ಹೊಡೆದಷ್ಟು ಸಂತೋಷ: ಅಂತೂ ನಾಲ್ಕು ಜನರೆದುರು ಹೇಳಿಕೊಳ್ಳುವಂಥ ಕಾಯಿಲೆ! ಕಲ್ಲು ಕರಗಿತು, ಅವನು ಹಾಗೆಯೇ ಉಳಿದ.

ಬಾಮೈದ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು. ಅವನ ಬಳಿ ಸಕಲ ರೋಗಕ್ಕೂ ಒಂದೇ ಮದ್ದು.

“ಓಡಿ ಭಾವ. ಕೂತು ಕೂತು ತಲೆಗೆ ಹುಳ ಬಿಟ್ಕೊಂಡಿದ್ದೀರಿ. ಮನಸ್ಸಂತೆ, ಮನಸ್ಸು. ನಮ್ಮ ವಂಶದಲ್ಲಿ ಯಾರಿಗೂ ಅದಿಲ್ಲ.”

ಅದಿಲ್ಲ ಎನ್ನುವುದು ಅವರನ್ನು ಬಲ್ಲವರಿಗೆಲ್ಲ ಗೊತ್ತೇ ಇತ್ತು.

ಬೆಳಿಗ್ಗೆ ಏಳುವುದಾದರೂ ಯಾಕೆ ಎಂಬ ಪ್ರಶ್ನೆಗೆ ಉತ್ತರ ಸಿಗದಾದಾಗ ಕುಶನಣ್ಣ ಹೆದರಿದ. ಮನೆಯಲ್ಲಿ ಹೇಳದೆ ಆಸ್ಪತ್ರೆಯ ಮಹಡಿ ಹತ್ತಿ, ಮನೋವೈದ್ಯರ ಬಾಗಿಲೆದುರು ಕುಳಿತ. ಒಳಗೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಉರುಹೊಡೆದಿದ್ದ. ಇನ್ನೇನು ಸರದಿ ಬರಬೇಕು, ಮೆಟ್ಟಿಲ ತುದಿಯಲ್ಲಿ ಬಾಮೈದನ ತಲೆ ಕಂಡಿತು. ಹಾವು ತುಳಿದವನಂತೆ ಎದ್ದು ಪಕ್ಕದ ಹಲ್ಲಿನ ಡಾಕ್ಟರ ಬೆಂಚಿಗೆ ಜಾರಿದ.

“ಏನ್ ಭಾವ, ಇಲ್ಲಿ?”

“ಹಲ್ಲು ಕಣೋ. ನೀನು?”

“ಕಿವಿ.”

ಕಿವಿಯ ಡಾಕ್ಟರು ಎದುರಿನ ಬಾಗಿಲು. ಬಾಮೈದ ಅಲ್ಲಿ ಕೂತವನು ಕದಲಲಿಲ್ಲ. ಹಲ್ಲಿನ ಡಾಕ್ಟರು ಮುಂದಿನವರು ಬನ್ನಿ ಎಂದಾಗ ಕುಶನಣ್ಣ ಒಳಗೆ ಹೋಗಲೇಬೇಕಾಯಿತು. ಕೈಗೆ ಸಿಕ್ಕ ಹಲ್ಲು ತೋರಿಸಿ, ತಡೆಯಲಾರದ ನೋವು ಎಂದ. ನೋವಿನ ಮಾತು ಸುಳ್ಳಲ್ಲ. ಡಾಕ್ಟರು ಬೆವರು ಸುರಿಸಿ ಆ ಗಟ್ಟಿ ಹಲ್ಲನ್ನು ಕಿತ್ತರು.

ಇಷ್ಟು ದಿನದ ಮಂಕಿಗೆಲ್ಲ ಹುಳುಕು ಹಲ್ಲೇ ಕಾರಣವೆಂದು ಹೆಂಡತಿ ಬೀದಿಗೆಲ್ಲ ಸಾರಿದಳು. ಕಾರಣವನ್ನೇ ಕಿತ್ತ ಮೇಲೆ ಮಂಕಾಗಿರುವ ಹಕ್ಕೂ ಅವನಿಗೆ ಉಳಿಯಲಿಲ್ಲ. ಆ ಮಹಡಿಯನ್ನು ಮತ್ತೆ ಹತ್ತಲಿಲ್ಲ. ಯಾರ ಸಲುವಾಗಿ ಎಂದುಕೊಂಡು ಬೀಪಿ ಮಾತ್ರೆಯನ್ನೂ ಬಿಟ್ಟ. ಒಂದು ಮಧ್ಯಾಹ್ನ ಅರ್ಧ ಬಟ್ಟೆ ಹೊದಿಸಿದ ಕುರ್ಚಿಗೆ ಒರಗಿದವನು ಏಳಲಿಲ್ಲ. ಹೃದಯ ಎಂದರು. ಮರ್ಯಾದಸ್ಥ ಕಾಯಿಲೆ, ಯಾರೂ ತಲೆ ತಗ್ಗಿಸಬೇಕಾಗಲಿಲ್ಲ.

ಬಂದ ನೆಂಟರೆಲ್ಲ ಹೋದ ಮೇಲೆ ಬಾಮೈದ ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತ.

“ನನ್ನ ಕಿವಿಗೆ ಏನೂ ಆಗಿರ್ಲಿಲ್ಲ ಅಕ್ಕ. ನಾನು ಹೋಗಿದ್ದು ಮನಸ್ಸಿನ ಡಾಕ್ಟರ ಹತ್ರ. ಭಾವ ಅಲ್ಲೇ ಕೂತಿದ್ರು. ನನ್ನ ನೋಡಿ ಎದ್ದು ಹಲ್ಲಿನ ಕಡೆ ಹೋದ್ರು. ಅದನ್ನೂ ನೋಡ್ದೆ. ನೋಡಿ ಬಾಯಿ ಬಿಡಲಿಲ್ಲ.”

ಅಕ್ಕ ಅವನ ಪಕ್ಕದಲ್ಲೇ ಕೂತಳು. ಬಯ್ಯಲಿಲ್ಲ.

“ನಿನಗಾದ್ರೂ ನಿದ್ದೆ ಬರುತ್ತೇನೋ?”

ಅವನು ಇಲ್ಲವೆಂದು ತಲೆಯಾಡಿಸಿದ.

“ಏಳು, ಚಪ್ಪಲಿ ಮೆಟ್ಕೋ. ಆ ಡಾಕ್ಟರ ಬಾಗಿಲ ಒಳಗಿನ ತನಕ ನಾನೇ ಬರ್ತೀನಿ.”

“ಯಾರಾದ್ರೂ ನೋಡಿದ್ರೆ?”

“ನೋಡ್ಲಿ. ಬೆಂಚಲ್ಲಿ ಸರಿದು ಜಾಗ ಕೊಡೋಣ.”