ಕೋಟು ಕಳಚಿ ಕೂರಲು ಕಲಿಸಿದ ಸಿಸಿಲಿಯಾ ಅಕ್ಕ

ಜರ್ಮನಿಯಲ್ಲಿ ನೆಲೆಸಿದ ತುರ್ಕಿ ಕುಟುಂಬಗಳ ಮಕ್ಕಳ ಶಿಕ್ಷಣಕ್ಕಾಗಿ ದುಡಿದವರ ಸಾಲಿನಲ್ಲಿ ಮಂಗಳೂರು ಕಡೆಯ ಕನ್ನಡತಿಯೊಬ್ಬರ ಹೆಸರೂ ಗೌರವದಿಂದ ನಿಲ್ಲುತ್ತದೆ ಎಂದರೆ ಹಲವರಿಗೆ ಅಚ್ಚರಿಯಾದೀತು. ಎಳೆಯ ವಯಸ್ಸಿನಲ್ಲಿ ದಾದಿಯಾಗಿ ಬಂದು, ಹೆರಿಗೆ ವಾರ್ಡಿನಲ್ಲಿ ತುರ್ಕಿ ತಾಯಂದಿರಿಂದಲೇ ಅವರ ಭಾಷೆ ಕಲಿತು, ಮುಂದೆ ರೆನ್ನಿಂಗೆನ್ ಬಳಿಯ ನಮ್ಮ ಕುಟುಂಬ ಸಲಹಾ ಕೇಂದ್ರದಲ್ಲಿ ಇಪ್ಪತ್ತೆಂಟು ವರ್ಷ ಸೇವೆ ಸಲ್ಲಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀಮತಿ ಸಿಸಿಲಿಯಾ ಮೊಂತೇರೊ ಅವರನ್ನು ಕುರಿತು ಬರೆಯಲು ಈ ಅಭಿನಂದನ ಸಂಪುಟದ ಸಂಪಾದಕರು ಹೇಳಿದಾಗ, ನನಗೆ ಮೊದಲು ನೆನಪಾದದ್ದು ಅವರ ಸಾಧನೆಯಲ್ಲ, ನನ್ನ ಭಯ.

ಶಾಲೆಯಿಂದ ಕರೆ ಬಂದಿತೆಂದರೆ ನಮ್ಮಲ್ಲಿಗೆ ಬರುವ ತಾಯಂದಿರಿಗೆ ಜೀವವೇ ಹೋದಂತಾಗುತ್ತಿತ್ತು. ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಕೋಟು ಕಳಚದೆ, ಓಡಿಹೋಗಲು ತಯಾರಾದವರಂತೆ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದರು. ಅಕ್ಕ ಜೊತೆಗೆ ಹೋದರೆ ಮೊದಲು ತಮ್ಮ ಕೋಟನ್ನು ಗೂಟಕ್ಕೆ ಹಾಕಿ, ಆಮೇಲೆ ತಾಯಿಯದನ್ನೂ ಕೇಳಿ ಪಡೆಯುತ್ತಿದ್ದರು. ಅದಾದ ಮೇಲೆಯೇ ಮಾತು. ಅವರದು ಇನ್ನೊಂದು ಕಟ್ಟುನಿಟ್ಟು: ಶಾಲೆಯ ಯಾವ ಕಾಗದಕ್ಕೂ ಬಂದ ದಿನವೇ ಸಹಿ ಮಾಡಿಸಬಾರದು.

ಕೆಲಸಕ್ಕೆ ಸೇರಿದ ಮೂರನೆಯ ವಾರವೇ ನಾನು ಅದನ್ನು ಮುರಿದೆ. ಗುಲ್ಸುಮ್ ಎಂಬ ತಾಯಿ ಎಂಟು ವರ್ಷದ ಮಗಳು ಸೆವ್ದಾಳೊಂದಿಗೆ ಬಂದು ಕಾಗದವೊಂದನ್ನು ತೋರಿಸಿದರು. ಆಗ ನನ್ನ ಜರ್ಮನ್ ಅರ್ಧಂಬರ್ಧ. ಧಾರವಾಡದ ನಮ್ಮ ಮನೆಯಲ್ಲಿ ಮಾಸ್ತರರು ಕಳಿಸಿದ ಚೀಟಿಯನ್ನು ಯಾರೂ ಪ್ರಶ್ನಿಸಿದ್ದಿಲ್ಲ. ಗುಲ್ಸುಮ್ ಅವರ ಮನೆಯಲ್ಲೂ ಇಲ್ಲ. "ಟೀಚರ್ ಕೇಳಿದ್ದಾರಲ್ಲ, ಹಾಕಿ" ಎಂದೆ. ಹಾಕಿದರು.

ಎರಡು ದಿನದ ಮೇಲೆ ಅದರ ಪ್ರತಿಯನ್ನು ಓದಿದ ಅಕ್ಕನ ಮುಖ ಬಿಳಿಚಿಕೊಂಡಿತು. ಸೆವ್ದಾಳನ್ನು ಕಲಿಕೆಯಲ್ಲಿ ಹಿಂದುಳಿದ ಮಕ್ಕಳ ಪ್ರತ್ಯೇಕ ಶಾಲೆಗೆ ಕಳಿಸಲು ತಾಯಿಯ ಒಪ್ಪಿಗೆ ಅದು. ಅಲ್ಲಿಗೆ ಹೋದ ಮಕ್ಕಳು ಮರಳುವುದು ವಿರಳ.

"ಅಕ್ಕಾ, ನಾನ ಹಾಕ್ರಿ ಅಂದೀನ್ರಿ. ಹುಡುಗಿ ಬಾಳೇ ಹಾಳ್ ಮಾಡಿದೆನಲ್ರಿ!"

"ಅಳುದು ಆಮೇಲೆ, ಬಸವೇಶ್ವರಿ. ಹೆದರಿಕೆ ನಂಗೂ ಉಂಟು ಮಾರಾಯ್ತಿ. ಮೊದ್ಲು ಹೆಡ್‌ಮಾಸ್ಟರ ಹತ್ರ ಟೆರ್ಮಿನ್ ತೆಗೊಳ್ಳುವ, ಭೇಟಿಗೆ ಟೈಮ್ ಕೇಳುವ."

ಮಗು ಕೇಳಿದ್ದಕ್ಕೆ ಉತ್ತರಿಸುವುದಿಲ್ಲ, ಕಣ್ಣೆತ್ತಿ ನೋಡುವುದಿಲ್ಲ ಎಂಬುದು ಶಾಲೆಯ ದೂರು. ಹಿರಿಯರೆದುರು ತಲೆ ತಗ್ಗಿಸಬೇಕೆಂದು ಅವಳಿಗೆ ಮನೆಯಲ್ಲಿ ಕಲಿಸಿದ್ದಾರೆ, ನಾವೆಲ್ಲ ಹೊರಗಿದ್ದು ಸಹಪಾಠಿಯೊಬ್ಬಳಿಗೆ ಅವಳು ಲೆಕ್ಕ ಹೇಳಿಕೊಡಲಿ, ಎಂದು ಅಕ್ಕ ಬೇಡಿಕೊಂಡರು. ಮುಖ್ಯೋಪಾಧ್ಯಾಯರು ಒಲ್ಲದ ಮನಸ್ಸಿನಿಂದ ಒಪ್ಪಿದರು.

ಬಾಗಿಲ ಹೊರಗೆ ನಿಂತೆವು. ಒಳಗೆ ಸದ್ದೇ ಇಲ್ಲ. ಗುಲ್ಸುಮ್ ಉಗುರು ನಾಟುವಂತೆ ನನ್ನ ತೋಳು ಹಿಡಿದಿದ್ದರು. ಮುಖ್ಯೋಪಾಧ್ಯಾಯರು ಗಡಿಯಾರ ನೋಡಿಕೊಂಡರು. ಇನ್ನೇನು ಬಾಗಿಲು ತೆರೆಯಬೇಕು, ಅಷ್ಟರಲ್ಲಿ ಸ್ಪಷ್ಟ ಜರ್ಮನ್‌ನಲ್ಲಿ ಸೆವ್ದಾ ಗದರುವ ದನಿ ಕೇಳಿಸಿತು: "ಹಾಗಲ್ಲ ಕಣೇ ಪೆದ್ದಿ, ಮೊದಲು ಹತ್ತು ಮಾಡಿಕೋ!"

ಒಪ್ಪಿಗೆ ಪತ್ರ ಹಿಂದಿರುಗಿತು. ಸೆವ್ದಾ ಈಗ ಕನ್ನಡಕದಂಗಡಿಯೊಂದರಲ್ಲಿ ತರಬೇತಿಯಲ್ಲಿದ್ದಾಳೆ; ಗಿರಾಕಿಗಳನ್ನೂ ಗದರುತ್ತಾಳಂತೆ. ಅಕ್ಕ ನನ್ನನ್ನು ಬೈಯಲಿಲ್ಲ. ಒಂದು ವರ್ಷ ಪ್ರತಿ ಕಾಗದವನ್ನೂ ಎರಡೆರಡು ಸಲ ಗಟ್ಟಿಯಾಗಿ ಓದಿಸಿದರು. ಅವರಿಗೆ ಒಳಗೊಳಗೇ ಶಾಪ ಹಾಕಿದ್ದೇನೆ. ಈ ಸಂಪುಟದಲ್ಲಿ ಅದನ್ನೂ ಒಪ್ಪಿಕೊಳ್ಳುತ್ತೇನೆ.

ಅಕ್ಕಾ, ನೂರು ವರ್ಷ ಆರೋಗ್ಯದಿಂದ ಬಾಳಿರಿ. ಪೂರ್ತಿ ವಿಶ್ರಾಂತಿ ಪಡೆಯಿರಿ ಎಂದು ಹಾರೈಸುವಷ್ಟು ದೊಡ್ಡ ಮನಸ್ಸು ನನಗಿಲ್ಲ. ವಾರಕ್ಕೊಂದು ದಿನವಾದರೂ ಬಂದು ನಮ್ಮ ತಪ್ಪು ಹಿಡಿಯುತ್ತಿರಿ. ಬರುವ ಸೋಮವಾರ ಅದೇ ಶಾಲೆಗೆ, ಹೊಸಬಳಾದ ಒಬ್ಬ ತಾಯಿಯ ಜೊತೆ ನಾನೊಬ್ಬಳೇ ಹೋಗಬೇಕು. ಕಾಗದವನ್ನು ನಾಲ್ಕು ಸಲ ಓದಿದ್ದೇನೆ, ಆದರೂ ಭಾನುವಾರ ಐದನೆಯ ಸಲ ಓದುವವಳಿದ್ದೇನೆ. ಒಳಗೆ ಕಾಲಿಟ್ಟ ಕೂಡಲೇ ಮೊದಲು ನನ್ನ ಕೋಟನ್ನು ಗೂಟಕ್ಕೆ ಹಾಕುತ್ತೇನೆ.