ಗುಲಾಬಿ ಕಾಗದದಲ್ಲಿದ್ದ ಗೆರೆ

ಚಿನ್ನ ಕೆಂಪಗೂ ಇರುತ್ತದೆ ಎಂದು ನಾನು ಹೇಳಿದಾಗ ನಮ್ಮ ಮಾವ ನಕ್ಕುಬಿಟ್ಟರು. ಮೀಸೆ ಮೂಡುವ ಮುಂಚಿನಿಂದ ಮೂಸೆಯ ಮುಂದೆ ಕೂತ ಮನುಷ್ಯ ಅವರು. ಚಿಂತಾಮಣಿಯಲ್ಲಿ ಕೈಯಿಂದಲೇ ಒಡವೆ ಮಾಡುವ ಅಕ್ಕಸಾಲಿಗರು ಈಗ ಬೆರಳೆಣಿಕೆಯಷ್ಟು, ಅವರಲ್ಲಿ ಇವರೊಬ್ಬರು. ಅಂಥವರಿಗೆ ರಕ್ತ, ಮೂತ್ರ ಪರೀಕ್ಷೆ ಮಾಡುವ ಲ್ಯಾಬಿನ ಹೆಂಗಸಾದ ನಾನು ಚಿನ್ನದ ಬಣ್ಣ ಹೇಳಿಕೊಡಲು ಹೋಗಿದ್ದೆ.

"ಕೆಂಪಗಿರೋದು ತಾಮ್ರ ಕಣಮ್ಮ," ಅಂದರು. "ನಿಮ್ಮ ಲ್ಯಾಬಿನೋರಿಗೆ ಯಾರೋ ಟೋಪಿ ಹಾಕಿದಾರೆ."

ಟೋಪಿ ಹಾಕಿದ್ದರೆ ಹಿಂದಿನ ದಿನ ಚಿಕ್ಕಬಳ್ಳಾಪುರದ ತರಬೇತಿಯಲ್ಲಿ ಹಾಕಿರಬೇಕು. ಅಲ್ಲಿ ಪಾಠ ಮಾಡಿದವರು ಮಾತಿಗೊಮ್ಮೆ ನ್ಯಾನೋ ನ್ಯಾನೋ ಎನ್ನುತ್ತಿದ್ದರು. ನನಗೆ ಆ ಪದ ಕೇಳಿದರೇ ಮೈ ಉರಿಯುತ್ತಿತ್ತು. ಜಂಗಮಕೋಟೆಯ ನನ್ನ ತವರಿನಲ್ಲಿ ಅಣ್ಣ ಮೂಟೆ ಬಿಟ್ಟು ಬಾಟಲಿಯಲ್ಲಿ ನ್ಯಾನೋ ಯೂರಿಯಾ ತರುತ್ತಾನೆ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಸುತ್ತುವ ಬೆಳ್ಳಿಯ ಪಟ್ಟಿಯೂ ನ್ಯಾನೋ, ಮುಖಕ್ಕೆ ಹಚ್ಚುವ ಕ್ರೀಮೂ ನ್ಯಾನೋ, ತಾರಸಿಗೆ ಬಳಿಯುವ ಬಣ್ಣವೂ ನ್ಯಾನೋ. ಮಾರುವವರು ಕಂಡುಕೊಂಡ ಹೊಸ ಮಂತ್ರ ಇದು ಎಂದು ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದೆ. ಆದರೆ ಡೆಂಗ್ಯೂ ಕಾರ್ಡು, ಮಲೇರಿಯಾ ಕಾರ್ಡು, ಬಸುರಿನ ಕಾರ್ಡುಗಳಲ್ಲಿ ಮೂಡುವ ಕೆಂಪು ಗೆರೆ ಬಣ್ಣವಲ್ಲ, ಹೆಚ್ಚಿನವುಗಳಲ್ಲಿ ಅದು ಚಿನ್ನವೇ ಎಂದಾಗ ನಿದ್ದೆ ಹಾರಿತು. ಚಿನ್ನವನ್ನು ನಮ್ಮ ಲ್ಯಾಬಿನ ಸೂಕ್ಷ್ಮದರ್ಶಕಕ್ಕೂ ಸಿಗದಷ್ಟು ಸಣ್ಣ ಕಣ ಮಾಡಿದರೆ ಅದರ ಹಳದಿ ಹೋಗಿ ಕೆಂಪಾಗುತ್ತದಂತೆ. ಉಳಿದವರು ಟೀ ಯಾವಾಗ ಬರುತ್ತದೆ ಎಂದು ಬಾಗಿಲು ನೋಡುತ್ತಿದ್ದರು. ಅಕ್ಕಸಾಲಿಗರ ಮನೆಯ ಸೊಸೆ ನಾನೊಬ್ಬಳೇ ಪುಸ್ತಕದಲ್ಲಿ ಬರೆದುಕೊಂಡೆ.

ಅವಧಿ ಮೀರಿದ, ಯಾರಿಗೂ ಬಳಸದ ಒಂದು ಕಾರ್ಡನ್ನು ಮಾವನಿಗೆ ತಂದುಕೊಟ್ಟೆ. ಅವರು ಅದರ ಪ್ಲಾಸ್ಟಿಕ್ ಒಡೆದು, ಒಳಗಿನ ಕಾಗದದ ಪಟ್ಟಿಯನ್ನು ಕಣ್ಣಿಗೆ ಭೂತಗನ್ನಡಿ ಹಿಡಿದು ನೋಡಿದರು. ಒರೆಗಲ್ಲಿಗೂ ಉಜ್ಜಿದರು. ಕಲ್ಲಿನ ಮೇಲೆ ಏನೂ ಬೀಳಲಿಲ್ಲ. ನನ್ನ ಕಡೆ ಒಂದು ಕರುಣೆಯ ನೋಟ ಬೀರಿ ಕೆಲಸಕ್ಕೆ ಕೂತರು. ಮರುದಿನ ಬೆಳಿಗ್ಗೆ ಕಾಫಿ ಕೊಡುವಾಗ ಅವರೇ ಮಾತು ತೆಗೆದರು.

"ನಮ್ಮ ತಾತ ಪಂಡಿತರಿಗೆ ಚಿನ್ನದ ತಗಡು ತಟ್ಟಿ ಕೊಡ್ತಿದ್ರು, ಭಸ್ಮ ಮಾಡಕ್ಕೆ. ಭಸ್ಮ ಆದ ಮೇಲೆ ಅದು ಇಟ್ಟಿಗೆ ಪುಡಿ ಬಣ್ಣಕ್ಕೆ ಬರ್ತಿತ್ತು. ರಾತ್ರಿಯೆಲ್ಲ ಯೋಚನೆ ಮಾಡ್ದೆ. ನೀನು ಹೇಳಿದ್ದು ಸುಳ್ಳಲ್ಲ." ಒಂದು ಗುಟುಕು ಕುಡಿದು ಕೇಳಿದರು, "ಉಪಯೋಗಿಸಿದ ಕಾರ್ಡೆಲ್ಲ ಏನ್ಮಾಡ್ತೀರಿ?"

"ಬಿಸಾಕ್ತೀವಿ ಮಾವ."

ಅವರ ಮುಖ ಸಣ್ಣಗಾಯಿತು. ನಮ್ಮ ಮನೆಯ ರೀತಿ ಗೊತ್ತಿಲ್ಲದವರಿಗೆ ಅದು ಅರ್ಥವಾಗಲಿಕ್ಕಿಲ್ಲ. ಕೆಲಸದ ಕೋಣೆಯಿಂದ ಹೊರಗೆ ಬರುವವರು ಬಾಗಿಲಲ್ಲಿಟ್ಟ ಬೋಗುಣಿಯಲ್ಲಿ ಕೈಕಾಲು ತೊಳೆದೇ ಬರಬೇಕು. ಆ ನೀರನ್ನು ಚೆಲ್ಲುವಂತಿಲ್ಲ. ನೆಲ ಗುಡಿಸಿದ ಕಸ, ಅರದ ಪುಡಿ, ಸವೆದ ಚಾಪೆ, ಕೊನೆಗೆ ಆ ಪೊರಕೆ ಕೂಡ ಒಂದು ಡಬ್ಬಕ್ಕೆ ಸೇರುತ್ತವೆ. ಯುಗಾದಿಗೆ ಮುಂಚೆ ಅದನ್ನೆಲ್ಲ ಸುಟ್ಟು, ಬೂದಿ ತೊಳೆದು, ಉಳಿದದ್ದನ್ನು ಬಿಳಿಗಾರ ಹಾಕಿ ಕರಗಿಸಿದರೆ ತಳದಲ್ಲಿ ಒಂದು ಚಿನ್ನದ ಗುಂಡು ನಿಲ್ಲುತ್ತದೆ. ಅದನ್ನು ನಾವು ಕಸದ ಚಿನ್ನ ಎನ್ನುತ್ತೇವೆ.

"ರೋಗಿಗಳ ರಕ್ತ ಇರುತ್ತೆ ಮಾವ, ಮನೆಗೆ ತರಂಗಿಲ್ಲ," ಅಂದೆ. "ಸಾವಿರ ಕಾರ್ಡು ಸುಟ್ರೂ ಕಣ್ಣಿಗೆ ಕಾಣೋಷ್ಟು ಸಿಗಲ್ಲ."

"ಕಾಣದಿದ್ರೇನು, ಇದೆ ತಾನೆ," ಎಂದು ಗೊಣಗಿಕೊಂಡರು.

ಬಸುರಿನ ಕಾರ್ಡೊಂದು ಪ್ರತಿ ತಿಂಗಳೂ ಔಷಧಿ ಅಂಗಡಿಯಿಂದ ನನ್ನ ಕೈಚೀಲದಲ್ಲಿ ಮನೆಗೆ ಬರುತ್ತಿತ್ತು ಎಂದು ಅವರಿಗೆ ಹೇಳುವುದು ಹೇಗೆ? ಮದುವೆಯಾಗಿ ಆಗಲೇ ಆರು ವರ್ಷ. ಅತ್ತೆ ನಾನು ಬರುವ ಮುಂಚೆಯೇ ತೀರಿಕೊಂಡಿದ್ದರು. ಮನೆಯಲ್ಲಿ ನಾವು ಮೂವರೇ. ಮಾವನೊಂದಿಗೆ ಸೊಪ್ಪಿನ ಸಾರಿನಿಂದ ಹಿಡಿದು ರಾಜಕೀಯದವರೆಗೆ ಎಲ್ಲ ಮಾತಾಡುತ್ತಿದ್ದೆ, ಹೆಂಗಸರ ವಿಷಯ ಮಾತ್ರ ಆಡುತ್ತಿರಲಿಲ್ಲ. ಅದು ನಮ್ಮ ಕಡೆ ರೂಢಿಯೇ ಅಲ್ಲ. ದಿನ ಒಂದೆರಡು ಮುಂದೆ ಹೋದರೆ ಸಾಕು, ಬೆಳಿಗ್ಗೆ ಬಚ್ಚಲಿನ ಚಿಲಕ ಹಾಕಿಕೊಂಡು ಕಾರ್ಡಿನ ಮೇಲೆ ಮೂರು ತೊಟ್ಟು ಬಿಟ್ಟು ಕಾಯುತ್ತಿದ್ದೆ.

ಆ ಕಾರ್ಡು ಕೆಲಸ ಮಾಡುವ ಬಗೆ ಇಷ್ಟೆ. ತೊಟ್ಟು ಬಿದ್ದ ಕಡೆಯಿಂದ ಚಿನ್ನದ ಕಣಗಳು ಕಾಗದದ ಮೇಲೆ ಹರಿದು ಹೊರಡುತ್ತವೆ. ಬಸುರಿನ ಸುಳಿವಿದ್ದರೆ ಕೆಲವು ಕಣಗಳು ಮೊದಲನೆಯ ಜಾಗದಲ್ಲಿ ನಿಂತು ಗೆರೆಯಾಗುತ್ತವೆ. ಮಿಕ್ಕವು ಮುಂದೆ ಹೋಗಿ ಇನ್ನೊಂದು ಗೆರೆಯಾಗುತ್ತವೆ. ಆ ಮುಂದಿನ ಗೆರೆ ಯಾವಾಗಲೂ ಬರುತ್ತದೆ, ಕಾರ್ಡು ಕೆಟ್ಟಿಲ್ಲ ಎಂದು ಹೇಳುವುದಕ್ಕೆ. ನನ್ನದರಲ್ಲಿ ಬರುತ್ತಿದ್ದದ್ದು ಅದೊಂದೇ. ತರಬೇತಿಗೆ ಮುಂಚೆ ಅದು ನನಗೆ ಬರೀ ಬಣ್ಣ. ಆಮೇಲೆ ಬಚ್ಚಲಲ್ಲಿ ಕೂತು ಚಿನ್ನ ನನ್ನ ಜಾಗದಲ್ಲಿ ನಿಲ್ಲದೆ ದಾಟಿ ಹೋಗುವುದನ್ನು ನೋಡುತ್ತಿದ್ದೆ. ತಿಳಿದುಕೊಂಡದ್ದರಿಂದ ಸಂಕಟ ಇನ್ನೂ ಹೆಚ್ಚಾಯಿತು.

ಲ್ಯಾಬಿನಲ್ಲಿ ದಿನವೂ ಬೇರೆಯವರ ಕಾರ್ಡು ನೋಡುವ ಕೆಲಸ ನನ್ನದು. ಮಂಡಿಕಲ್ ಕಡೆಯ ಒಬ್ಬ ಹುಡುಗಿ ಎರಡು ಗೆರೆ ಕಂಡು, "ಅಯ್ಯೋ, ಇಷ್ಟು ಬೇಗ ಬೇಡ ಅಂದ್ಕೊಂಡಿದ್ವಿ ಅಕ್ಕ," ಎಂದು ನಕ್ಕಳು. ನಾನೂ ನಕ್ಕು ವರದಿ ಬರೆದುಕೊಟ್ಟೆ. ಹೊಟ್ಟೆಕಿಚ್ಚು ಪಟ್ಟೆ, ಸುಳ್ಳೇಕೆ ಹೇಳಲಿ. ಆ ದಿನ ಮಧ್ಯಾಹ್ನದ ಬುತ್ತಿ ಬಿಚ್ಚಲೇ ಇಲ್ಲ.

ಆ ವರ್ಷ ದಸರಾ ಮುಗಿದ ಮೇಲೆ ಒಂದು ಬೆಳಿಗ್ಗೆ ನನ್ನ ಕಾರ್ಡಿನಲ್ಲೂ ಚಿನ್ನ ನಿಂತಿತು. ತೀರಾ ಮಾಸಲು ಗೆರೆ. ಕಿಟಕಿಯ ಬೆಳಕಿಗೆ ಹಿಡಿದೆ, ಮೊಬೈಲಿನ ಟಾರ್ಚು ಬಿಟ್ಟು ನೋಡಿದೆ. ನಮ್ಮ ಯಜಮಾನರು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿಬಂದರು. ಅವರು ಚಿಕ್ಕಬಳ್ಳಾಪುರದ ಒಡವೆ ಅಂಗಡಿಯಲ್ಲಿ ಮಾರಾಟದ ಕೆಲಸದಲ್ಲಿದ್ದಾರೆ. ಸಾಮಾನ್ಯಕ್ಕೆ ಯಾವುದಕ್ಕೂ ಬೆರಗಾಗುವ ಆಸಾಮಿಯಲ್ಲ.

"ನಿಜವಾಗ್ಲೂ ಇದೆಯೇನೇ, ಇಲ್ಲ ನಮಗೆ ಬೇಕು ಅಂತ ಕಾಣ್ತಿದೆಯಾ?" ಅಂದರು.

"ಇದೆ ಕಣ್ರೀ. ದಿನಾ ನೋಡೋಳು ನಾನು."

ಒಂಬತ್ತು ದಿನ. ಆ ಒಂಬತ್ತು ದಿನವೂ ಅವರು ಸಂಜೆ ಬಸ್ಸಿಳಿದು ದ್ರಾಕ್ಷಿ ತಂದು, ಉಪ್ಪು ನೀರಿನಲ್ಲಿ ತಾವೇ ತೊಳೆದು ಕೊಟ್ಟರು. ನಾನು ಲ್ಯಾಬಿನ ಮೆಟ್ಟಿಲನ್ನು ಗೋಡೆ ಹಿಡಿದು ಹತ್ತಿದೆ. ಯಾರೂ ನೋಡದಾಗ ಸೆರಗಿನೊಳಗೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದೆ. ಅಲ್ಲಿ ತಿಳಿಯುವಂಥದ್ದು ಏನೂ ಇರಲಿಲ್ಲ, ಅದು ನನಗೂ ಗೊತ್ತಿತ್ತು. ಮಾವನಿಗೆ ಮೂರು ತಿಂಗಳು ತುಂಬಿದ ಮೇಲೆ ಹೇಳೋಣ ಎಂದುಕೊಂಡಿದ್ದೆವು. ಹತ್ತನೆಯ ದಿನ ಬೆಳಿಗ್ಗೆ ರಕ್ತ ಕಂಡಿತು.

ಚಿಕ್ಕಬಳ್ಳಾಪುರದ ಡಾಕ್ಟರಮ್ಮ ಒಳ್ಳೆಯವರು. "ಇಷ್ಟು ಬೇಗ ಹೋಗೋದು ತುಂಬಾ ಜನಕ್ಕೆ ಆಗುತ್ತಮ್ಮ," ಅಂದರು. "ಹಿಂದೆಲ್ಲ ಗೊತ್ತೇ ಆಗ್ತಿರಲಿಲ್ಲ. ದಿನ ಮುಂದಕ್ಕೆ ಹೋಯ್ತು ಅನ್ಕೊಂಡು ಸುಮ್ಮನಾಗ್ತಿದ್ರು. ಈಗ ಈ ಕಾರ್ಡುಗಳು ಬಂದು ಬೇಗ ಗೊತ್ತಾಗಿಬಿಡುತ್ತೆ."

ಸಮಾಧಾನಕ್ಕೆ ಹೇಳಿದ ಮಾತು ಅದು. ನನಗೆ ಸಿಟ್ಟು ಬಂತು. ನಮ್ಮಜ್ಜಿಗೂ ಹೀಗೆ ಆಗಿರಬಹುದು, ಆಕೆ ಬಟ್ಟೆ ಒಗೆದುಕೊಂಡು ಹಿಪ್ಪುನೇರಳೆ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿರಬಹುದು. ಗೊತ್ತಾಗದಿದ್ದರೆ ಅಳುವುದು ತಪ್ಪುತ್ತಿತ್ತು, ನಿಜ. ಆದರೆ ಆ ಒಂಬತ್ತು ದಿನಗಳೂ ತಪ್ಪುತ್ತಿದ್ದವಲ್ಲ. ನನಗೆ ಅವು ಬೇಕು. ಇವತ್ತಿಗೂ ಬೇಕು. ಸಂಜೆ ಬಸ್ಸಿನ ಸದ್ದಿಗೆ ಕಾಯುತ್ತಿದ್ದ, ಗೋಡೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದ ಆ ನನ್ನನ್ನು ಇನ್ನೊಮ್ಮೆ ನೋಡಬೇಕು ಅನ್ನಿಸುತ್ತದೆ.

ಯಜಮಾನರು "ಆ ಕಾರ್ಡನ್ನ ಬಿಸಾಕಿಬಿಡೇ," ಅಂದರು. ಬಿಸಾಕಲಿಲ್ಲ. ವಾರ ಕಳೆದಂತೆ ಕಾಗದ ಹಳದಿಗಟ್ಟಿತು, ಗೆರೆ ಮಾತ್ರ ಹಾಗೇ ಉಳಿಯಿತು. ಒಡವೆ ಸುತ್ತುವ ಗುಲಾಬಿ ಕಾಗದಕ್ಕೆ ನಮ್ಮ ಮನೆಯಲ್ಲಿ ಬರವಿಲ್ಲ. ಅದರಲ್ಲಿ ಕಾರ್ಡನ್ನು ಸುತ್ತಿ ಬೀರುವಿನಲ್ಲಿ ನನ್ನ ಓಲೆ, ಸರ ಇಡುವ ಪೆಟ್ಟಿಗೆಯೊಳಗೆ ಇಟ್ಟೆ. ಭಾನುವಾರ ಮಧ್ಯಾಹ್ನ ಮನೆ ಸುಮ್ಮನಿದ್ದಾಗ ತೆಗೆದು ನೋಡುತ್ತಿದ್ದೆ. ಸ್ಕ್ಯಾನಿಂಗ್ ಚಿತ್ರ ಇಲ್ಲ, ಹೆಸರಿಲ್ಲ, ಯಾರಿಗೂ ಹೇಳಿರಲೂ ಇಲ್ಲ. ಬಂದು ಹೋದದ್ದಕ್ಕೆ ಗುರುತು ಅಂತ ಇದ್ದದ್ದು ಅದೊಂದೇ.

ಯುಗಾದಿ ಹತ್ತಿರ ಬಂತು. ನನ್ನ ಸರದ ಕೊಂಡಿ ಬಿಟ್ಟಿತ್ತು. ಲ್ಯಾಬಿಗೆ ಹೊರಡುವ ಅವಸರದಲ್ಲಿ, "ಮಾವ, ಸರ ಬೀರುವಿನ ಪೆಟ್ಟಿಗೇಲಿದೆ, ಬಿಡುವಾದಾಗ ಕೊಂಡಿ ಹಾಕಿಕೊಡಿ," ಎಂದು ನಾನೇ ಬೀಗದ ಕೈ ಕೊಟ್ಟು ಹೋದೆ. ಪೆಟ್ಟಿಗೆಯೊಳಗೆ ಇನ್ನೇನಿದೆ ಎಂಬುದು ಆ ಗಳಿಗೆಯಲ್ಲಿ ತಲೆಗೆ ಬರಲೇ ಇಲ್ಲ.

ಸಂಜೆ ಬಂದಾಗ ಮಾವ ಬಾಗಿಲಲ್ಲೇ ಕಾಯುತ್ತಿದ್ದರು. ಮುಖ ಅರಳಿತ್ತು.

"ತರಂಗಿಲ್ಲ, ತರಂಗಿಲ್ಲ ಅಂತಾನೇ ತಂದಿಟ್ಟಿದೀಯಲ್ಲಮ್ಮ ನಂಗೋಸ್ಕರ. ಗುಲಾಬಿ ಕಾಗದ ಬಿಚ್ಚಿ ನೋಡ್ತೀನಿ, ಕಾರ್ಡು. ಇವತ್ತೇ ಕಸ ಸುಡೋದಿತ್ತು. ಪ್ಲಾಸ್ಟಿಕ್ ಹೊಗೆ ಆಗಲ್ಲ ಅಂತ ಅದನ್ನ ಒಡೆದು ಹಾಕಿ, ಒಳಗಿನ ಕಾಗದ ಮಾತ್ರ ಕಸಕ್ಕೆ ಸೇರಿಸ್ದೆ. ಕರಗಿಸಿದ್ದೂ ಆಯ್ತು."

ಅವರ ತಪ್ಪೇನಿತ್ತು? ಆ ಮನೆಯಲ್ಲಿ ಗುಲಾಬಿ ಕಾಗದದಲ್ಲಿ ಸುತ್ತಿಟ್ಟದ್ದೆಲ್ಲ ಚಿನ್ನವೇ. ಕಾರ್ಡಿನಲ್ಲಿ ಚಿನ್ನ ಇದೆ ಎಂದು ಬುದ್ಧಿ ಹೇಳಿಕೊಟ್ಟವಳೂ ನಾನೇ.

"ಆಗ್ಲಿ ಮಾವ," ಎಂದು ಒಳಗೆ ಹೋದೆ. ಒಡೆದ ಪ್ಲಾಸ್ಟಿಕ್ ಚೂರುಗಳು ಕಸದ ಬುಟ್ಟಿಯಲ್ಲಿದ್ದವು. ಕುಕ್ಕರಿಗೆ ಅಕ್ಕಿ ಹಾಕಿ, ಅದು ಕೂಗುವವರೆಗೆ ಅದರ ಮುಂದೆಯೇ ನಿಂತು ಅತ್ತೆ. ಯಜಮಾನರು ಬಂದ ಮೇಲೆ ಹೇಳಿದೆ. ಅವರು ಅಪ್ಪನ ಹತ್ತಿರ ಹೋಗಲು ಎದ್ದರು. ನಾನೇ ಕೈ ಹಿಡಿದು ಕೂರಿಸಿದೆ.

ಹಬ್ಬ ಕಳೆಯಿತು. ಮಾವನಿಗೆ ಊಟ ಬಡಿಸುತ್ತಿದ್ದೆ, ಮುಖ ನೋಡುತ್ತಿರಲಿಲ್ಲ. ಸಿಟ್ಟಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಸಿಟ್ಟೇ ಆಗಿತ್ತು. ಒಂದು ಭಾನುವಾರ ಮಧ್ಯಾಹ್ನ ಮಜ್ಜಿಗೆ ಕೊಡಲು ಅವರ ಕೆಲಸದ ಕೋಣೆಗೆ ಹೋದಾಗ ಅವರು ಲೋಟ ತೆಗೆದುಕೊಳ್ಳದೆ ಕೇಳಿದರು.

"ಆ ಕಾರ್ಡಿಂದ ಲ್ಯಾಬಲ್ಲಿ ಏನಾದ್ರೂ ತೊಂದ್ರೆ ಆಯ್ತೇನಮ್ಮ? ಬೈದ್ರಾ? ನಾನು ಬಂದು ಹೇಳ್ಲಾ?"

ಇನ್ನು ಸುಮ್ಮನಿರಲು ಆಗಲಿಲ್ಲ. "ಅದು ಲ್ಯಾಬಿಂದಲ್ಲ ಮಾವ," ಅಂದೆ. "ಅದು ಬಸುರಿನ ಕಾರ್ಡು. ನಂದು. ಎರಡು ಗೆರೆ ಬಂದಿತ್ತು. ಒಂಬತ್ತು ದಿನಕ್ಕೆ ಹೋಯ್ತು."

ಅವರು ಕೈಯಲ್ಲಿದ್ದ ಊದುಗೊಳವೆಯನ್ನು ಕೆಳಗಿಟ್ಟರು.  

"ಗಂಡೋ, ಹೆಣ್ಣೋ?"

"ಗೊತ್ತಾಗೋಷ್ಟು ದಿನ ಇರ್ಲಿಲ್ಲ ಮಾವ."

ಎದ್ದು ಹೋಗಿ ಗೋಡೆ ಗೂಡಿನಿಂದ ಒಂದು ಹಳೆಯ ಡಬ್ಬಿ ತಂದರು. ಅದನ್ನು ನಾನು ಎಂದೂ ತೆರೆದು ನೋಡಿದವಳಲ್ಲ. ಒಳಗೆ ಏಳು ಪುಟ್ಟ ಗುಲಾಬಿ ಪೊಟ್ಟಣಗಳು. ನಾನು ಈ ಮನೆಗೆ ಬಂದ ವರ್ಷದಿಂದ ಕಸದ ಚಿನ್ನವನ್ನು ಅವರು ಯಾವ ಒಡವೆಗೂ ಸೇರಿಸಿರಲಿಲ್ಲ.

"ಮೊಮ್ಮಗೂಗೆ ಉಡದಾರಕ್ಕೆ ಅಂತ ಎತ್ತಿಡ್ತಾ ಇದ್ದೆ," ಅಂದರು. "ನಿನ್ನ ಹತ್ರ ಹೆಂಗೆ ಹೇಳದು."

ಬಚ್ಚಲಿನ ಚಿಲಕ ಹಾಕಿಕೊಂಡು ನಾನೊಬ್ಬಳೇ ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ಗೋಡೆಯ ಆಚೆ ಈ ಮನುಷ್ಯನೂ ಅಷ್ಟೇ ವರ್ಷ ಕಾದಿದ್ದರು, ಒಂದು ಮಾತೂ ಆಡದೆ.

ಆ ವರ್ಷದ್ದಾದ ಕೊನೆಯ ಪೊಟ್ಟಣ ಬಿಚ್ಚಿ ಅದರಲ್ಲಿದ್ದ ಗುಂಡನ್ನು ನನ್ನ ಅಂಗೈಗೆ ಹಾಕಿದರು. ಮೆಣಸಿನಕಾಳಿಗಿಂತ ಚಿಕ್ಕದು. ಸಾಮಾನ್ಯ ಹಳದಿ ಚಿನ್ನ.

"ಮುಂದೆ ಹುಟ್ಟೋದಕ್ಕೆ ಮಿಕ್ಕ ಆರು ಇದಾವೆ. ಇದನ್ನ ಅವುಗಳ ಜೊತೆ ಸೇರ್ಸಲ್ಲಮ್ಮ. ಇದು ಆ ಮಗೂದು."

ಡಾಕ್ಟರಮ್ಮ ಅದನ್ನು ಪ್ರೆಗ್ನೆನ್ಸಿ ಎಂದಿದ್ದರು. ಯಜಮಾನರು ಅದು ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ. ಮಗು ಎಂದು ಬಾಯಿಬಿಟ್ಟು ಕರೆದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.